ಐದು ಮೆಟ್ಟಿಲಿನ ಸುಳ್ಳು

ನನ್ನ ಮೊಮ್ಮಗಳು ಕಳಿಸಿರುವ ವೀಡಿಯೊ ಒಂದೂವರೆ ನಿಮಿಷದ್ದು. ಅದನ್ನು ಪೂರ್ತಿ ನೋಡುವ ತಾಳ್ಮೆ ಚನ್ನಪಟ್ಟಣದಲ್ಲಿ ಒಬ್ಬನಿಗೂ ಇಲ್ಲ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತೋರಿಸಿದೆ. ಪಿಂಚಣಿ ತೆಗೆಯಲು ಸಾಲಿನಲ್ಲಿ ನಿಂತವರಿಗೆ ತೋರಿಸಿದೆ. ದೊಡ್ಡಮಳೂರಿನ ದೇವಸ್ಥಾನದ ಮುಂದೆ ಬೆಣ್ಣೆ ಮಾರುವವಳಿಗೂ ತೋರಿಸಿದೆ. ಎಲ್ಲರೂ ಇಪ್ಪತ್ತು ಎಣಿಸುವಷ್ಟರಲ್ಲಿ "ಚೆನ್ನಾಗೈತೆ ತಾತ" ಎಂದು ಫೋನನ್ನು ನನ್ನ ಕೈಗೆ ತುರುಕುತ್ತಾರೆ.

ಏನು ಚೆನ್ನಾಗಿದೆ? ಮೊದಲ ಅರ್ಧ ನಿಮಿಷ ಇರುವುದು ಬರೀ ಕೆಂಪು ನೀರು, ಬುಡಸಮೇತ ಕಿತ್ತುಕೊಂಡು ಬರುತ್ತಿರುವ ಮರಗಳು. ಸೇತುವೆ ಕಾಣುವುದೇ ಆಮೇಲೆ. ಆ ನೀರಿಗೂ ಸೇತುವೆಯ ಹೊಟ್ಟೆಗೂ ನಡುವೆ ಒಬ್ಬ ಆಳು ಬಗ್ಗಿಕೊಂಡು ಹೋಗುವಷ್ಟು ಜಾಗ ಉಳಿದಿದೆ. ನೋಡಬೇಕಾದದ್ದು ಆ ಜಾಗವನ್ನು. ಸೇತುವೆ ಕಟ್ಟಿದ್ದು ನೂರಾರು ಜನ ಇರಬಹುದು, ದುಡ್ಡು ಕೊಟ್ಟಿದ್ದು ಬ್ಯಾಂಕು ಇರಬಹುದು. ಆದರೆ ಆ ಖಾಲಿ ಜಾಗ ಇದೆಯಲ್ಲ, ಅದು ನನ್ನ ಮೊಮ್ಮಗಳದ್ದು.

ಹೆಮ್ಮೆಯಿಂದ ನನಗೆ ಮೂರು ದಿನ ಊಟ ರುಚಿಸಲಿಲ್ಲ. ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ.

ಎದುರು ಮನೆಯ ನನ್ನ ಗೆಳೆಯ ಮಾತ್ರ ಪೂರ್ತಿ ನೋಡಿದ. ಅವನು ರೇಷ್ಮೆ ಸೊಪ್ಪು ಬೆಳೆದು, ಹುಳ ಮೇಯಿಸಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುವವನು. ಕಾಯುವುದು ಅವನಿಗೆ ಗೊತ್ತು. ನೋಡಿದವನು ಫೋನು ಕೊಡುತ್ತಾ ಏನೆಂದ ಗೊತ್ತೇ?

"ಅಲ್ಲ ಕಣ್ಲಾ, ನಮ್ ಹಳ್ಳದ್ ಸೇತ್ವೆ ದೊಡ್ ಮಳೆ ಬಂದಾಗೆಲ್ಲ ಮುಳುಗ್ತದೆ. ನಿನ್ ಮೊಮ್ಮಗ್ಳು ಸಮುದ್ರ ದಾಟೋಗಿ ಯಾರ್ದೋ ದೇಸಕ್ಕೆ ಕಟ್ಟವ್ಳೆ. ಇಲ್ ಕಟ್ಟಕೆ ಏನಾಗಿತ್ತು?"

"ಅಲ್ಲಿ ದುಡ್ ಕೊಡಾಕೆ ಬ್ಯಾಂಕೈತೆ. ಇಲ್ಲಿ ನೀನ್ ಕೊಡ್ತೀಯೇನ್ಲಾ?" ಎಂದೆ.

"ನಮ್ ದೇಸದ್ ದುಡ್ಡೂ ಆ ಬ್ಯಾಂಕಲ್ಲಿ ಐತಂತೆ. ನೀನೇ ಹೇಳಿದ್ದು."

ಹೇಳಿದ್ದು ನಾನೇ. ಅದಕ್ಕೇ ಹೆಚ್ಚು ಸಿಟ್ಟು ಬಂದದ್ದು.

ಆ ದೇಶದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಭೂಪಟದಲ್ಲಿ ಅದನ್ನು ನನಗೆ ಮೊಮ್ಮಗಳೇ ತೋರಿಸಿದ್ದು, ನೀಲಿಯ ನಡುವೆ ಒಂದು ಹುಣಸೆ ಬೀಜ ಬಿದ್ದಂತಿತ್ತು. ಅದು ಸ್ವತಂತ್ರವಾದದ್ದು ಎಷ್ಟು ಈಚೆಗೆಂದರೆ, ನನ್ನ ಮೊಮ್ಮಗಳಿಗಿಂತ ದೇಶವೇ ಚಿಕ್ಕದು. ಆಳಿದವರು ಬಿಟ್ಟು ಹೋಗುವಾಗ ಸುಮ್ಮನೆ ಹೋಗಲಿಲ್ಲವಂತೆ, ಊರುಗಳಿಗೆ ಬೆಂಕಿ ಇಟ್ಟು ಹೋದರಂತೆ. ಕಚೇರಿಗಳು ಸುಟ್ಟವು, ಒಳಗಿದ್ದ ಕಾಗದಗಳೂ ಸುಟ್ಟವು. ಯಾವ ವರ್ಷ ಎಷ್ಟು ಮಳೆ ಬಂತು, ಯಾವ ಹೊಳೆ ಎಲ್ಲಿಯವರೆಗೆ ಏರಿತು ಎಂದು ಬರೆದಿಟ್ಟದ್ದೆಲ್ಲ ಬೂದಿಯಾಯಿತು. ಅಂಥ ದೇಶ ರಸ್ತೆ, ಸೇತುವೆ, ಕುಡಿಯುವ ನೀರಿನ ಕೊಳವೆ ಎಲ್ಲವನ್ನೂ ಮೊದಲಿನಿಂದ ಮಾಡಿಕೊಳ್ಳಬೇಕಲ್ಲ. ಅದಕ್ಕೆ ಅಭಿವೃದ್ಧಿ ಬ್ಯಾಂಕು ಎಂದಿದೆ. ನಾನು ಪಿಂಚಣಿ ತೆಗೆಯುವ ಬ್ಯಾಂಕಿನಂಥದ್ದಲ್ಲ, ಅಲ್ಲಿ ದೇಶಗಳೇ ಗಿರಾಕಿಗಳು. ಹತ್ತಾರು ದೇಶಗಳು ಸೇರಿ ದುಡ್ಡು ಹಾಕುತ್ತವೆ, ಇಲ್ಲದ ದೇಶ ತೆಗೆದುಕೊಳ್ಳುತ್ತದೆ. ಒಂದಿಷ್ಟು ಸಾಲವಾಗಿ, ಒಂದಿಷ್ಟು ಸುಮ್ಮನೆ. ಮೊಮ್ಮಗಳು ಕೆಲಸ ಮಾಡುವ ಕಂಪನಿ ಆ ದೇಶದ ಒಂದು ಸೇತುವೆಯ ಅಳತೆ, ನಕ್ಷೆಯ ಕೆಲಸ ಹಿಡಿದಿತ್ತು.

"ನಮ್ದೇ ಮುಳುಗೈತೆ, ಅವ್ರಿಗ್ಯಾಕೆ" ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಹುಟ್ಟಿದಾಗ ನಮ್ಮ ದೇಶಕ್ಕೂ ಇನ್ನೂ ಹಾಲುಹಲ್ಲು. ಆಗ ನಮ್ಮವರೂ ಹೊರಗಿನಿಂದ ಸಾಲ ತಂದೇ ರೈಲು, ಕರೆಂಟು ಮಾಡಿಕೊಂಡರು ಎಂದು ಮೊಮ್ಮಗಳು ಹೇಳಿದಳು. ನಮಗೆ ಕೊಡುವಾಗ ಯಾವುದೋ ಊರಿನ ಮುದುಕ ಕಟ್ಟೆ ಮೇಲೆ ಕೂತು ಹೀಗೇ ಗೊಣಗಿದ್ದರೆ?

ಆದರೆ ಗೆಳೆಯನ ಮೇಲೆ ನನಗೆ ಬಂದ ಸಿಟ್ಟು ಪೂರ್ತಿ ಅವನದ್ದಲ್ಲ. ನಮ್ಮ ಹಳ್ಳದ ಸೇತುವೆ ಯಾಕೆ ಮುಳುಗುತ್ತದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇಪ್ಪತ್ತು ವರ್ಷ ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ.

ನಾನು ಬೊಂಬೆ ಕೆಲಸದವನು. ಹಾಲೆ ಮರವನ್ನು ಮಿಷನ್ನಿಗೆ ಕೊಟ್ಟು ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿದು, ಬುಗುರಿ, ಗಿಲಕಿ, ಪುಟಾಣಿ ಚೊಂಬು ಮಾಡುತ್ತಿದ್ದೆ. ನನ್ನ ಕೆಲಸದ ಕೊಟ್ಟಿಗೆ ಇದ್ದದ್ದು ಹಳ್ಳದ ದಂಡೆಯಲ್ಲೇ. ಅದರ ನೆಲ ಎತ್ತರದ ಕಲ್ಲುಕಟ್ಟೆಯ ಮೇಲಿತ್ತು, ಹತ್ತಲು ಐದು ಮೆಟ್ಟಿಲು. ನಮ್ಮಪ್ಪ ಕಟ್ಟಿಸಿದ್ದು ಮೂರು. ನನ್ನ ಮದುವೆಯಾದ ವರ್ಷ ಹಳ್ಳ ಮೂರನ್ನೂ ನುಂಗಿ ಒಳಗೆ ಬಂದು ಒಣಗಲು ಇಟ್ಟಿದ್ದ ಮರವನ್ನೆಲ್ಲ ಹೊತ್ತುಕೊಂಡು ಹೋಯಿತು. ಮರು ಬೇಸಿಗೆಯಲ್ಲಿ ನಾನು ಕಟ್ಟೆ ಏರಿಸಿ ಎರಡು ಮೆಟ್ಟಿಲು ಸೇರಿಸಿದೆ. ಮಿಕ್ಕ ದಿನಗಳಲ್ಲಿ ಆ ಹಳ್ಳದಲ್ಲಿ ಎಮ್ಮೆ ಮೈ ನೆನೆಯುವಷ್ಟೂ ನೀರಿರುವುದಿಲ್ಲ. ಹೊಸಬರಿಗೆ ಹೇಳಿದರೆ ನಗುತ್ತಾರೆ.

ಇಪ್ಪತ್ತು ವರ್ಷದ ಹಿಂದೆ ಆ ಹಳ್ಳಕ್ಕೆ ಸೇತುವೆ ಬರುತ್ತದೆ ಎಂದು ಸುದ್ದಿಯಾಯಿತು. ಸುದ್ದಿಯ ಬಾಲದಲ್ಲಿ ಇನ್ನೊಂದು ಸುದ್ದಿ. ನೀರು ಬರುವ ಜಾಗ ಎಲ್ಲಿಯವರೆಗೆ ಎಂದು ಗುರುತು ಮಾಡಿಕೊಂಡು, ಅಷ್ಟರೊಳಗಿನ ಮನೆ, ಕೊಟ್ಟಿಗೆ ಎಲ್ಲ ತೆಗೆಸಿ, ಮಾಗಡಿ ಕಡೆ ಎಲ್ಲೋ ಬಂಡೆ ನೆಲದಲ್ಲಿ ಸೈಟು ಕೊಡುತ್ತಾರಂತೆ. ಹೇಳಿದವರು ಯಾರು? ಯಾರೂ ಅಲ್ಲ. ಕೇಳಿದವರು? ಊರಿಗೆ ಊರೇ. ಇಪ್ಪತ್ತು ಮನೆಯವರು ಅರಳಿಕಟ್ಟೆಯಲ್ಲಿ ಸೇರಿ ಮಾತಾಡಿಕೊಂಡೆವು. ನನ್ನ ಬಾಯಿ ಸ್ವಲ್ಪ ಜೋರು. "ನೀರಾ? ಯಾವ ನೀರು? ಮಂಡಿ ಮೇಲೆ ಬಂದಿದ್ದೇ ಇಲ್ಲ ಅಂದ್ಬುಡಾನ" ಎಂದದ್ದು ನಾನು.

ಜೀಪು ಬಂತು. ಇಂಜಿನಿಯರು ಇಳಿದ. ನಮ್ಮ ಮಗನ ವಯಸ್ಸಿನವನು, ಕೈಯಲ್ಲಿ ಪುಸ್ತಕ. ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಕೇಳಿದ, "ಜಾಸ್ತಿ ಅಂದ್ರೆ ಎಷ್ಟು ನೀರು ಬಂದಿದೆ?"

"ಮಂಡಿ ಸಾರ್," ಎಂದೆ ನಾನು.

"ಮಂಡಿಯೇ ಸಾರ್," ಎಂದ ಗೆಳೆಯ.

"ಮಂಡಿ," "ಮಂಡಿ," "ಮಂಡಿ ದಾಟಾಕಿಲ್ಲ." ಸಾಲು ಮುಗಿಯುವವರೆಗೆ ಅದೇ. ಇಷ್ಟು ಜನ ಒಂದೇ ಮಾತು ಹೇಳಿದರೆ ಅವನಿಗೆ ಅನುಮಾನ ಬರಬೇಕಿತ್ತು. ಅವನಿಗೆ ಸಂತೋಷವಾಯಿತು. ಬರೆದುಕೊಂಡ. ಬಿಸಿಲು ಜೋರಾಗಿತ್ತು, ಪಾಪ ಎಂದು ಕರೆದೆ. ಐದು ಮೆಟ್ಟಿಲು ಹತ್ತಿ ನನ್ನ ಕೊಟ್ಟಿಗೆಗೆ ಬಂದ. ಕೂತು ಮಜ್ಜಿಗೆ ಕುಡಿದ. ಒಂದು ಬುಗುರಿ ಕೈಯಲ್ಲಿ ಹಿಡಿದು ಬಣ್ಣ ಚೆನ್ನಾಗಿದೆ ಎಂದ. ಆಮೇಲೆ ಐದು ಮೆಟ್ಟಿಲು ಇಳಿದು ಹೋದ. ಮಂಡಿ ಮುಟ್ಟದ ಹಳ್ಳದ ದಂಡೆಯಲ್ಲಿ ಒಬ್ಬ ಬೊಂಬೆಯವನು ಯಾಕೆ ನೆಲವನ್ನು ಎದೆಮಟ್ಟ ಏರಿಸಿಕೊಂಡು ಕೂತಿದ್ದಾನೆ ಎಂದು ಆ ಮಹಾಶಯ ಕೇಳಲಿಲ್ಲ. ಹತ್ತುವಾಗಲೂ ಕೇಳಲಿಲ್ಲ, ಇಳಿಯುವಾಗಲೂ ಕೇಳಲಿಲ್ಲ. ಈಗಲೂ ನನಗೆ ಅವನ ಮೇಲೆ ಸಿಟ್ಟಿದೆ. ಸುಳ್ಳು ಹೇಳಿದವನಿಗೆ ಸಿಟ್ಟು ಬರಬಾರದು ಎಂದು ಎಲ್ಲೂ ಬರೆದಿಲ್ಲವಲ್ಲ.

ಲೋಟ ತೆಗೆದುಕೊಂಡು ಹೋಗಲು ಬಂದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಜೀಪು ತಿರುವು ದಾಟಿದ ಮೇಲೆ ಕೇಳಿದಳು.

"ಮಂಡಿಯಾ? ಯಾರ್ ಮಂಡಿ? ಆನೆ ಮಂಡಿಯಾ?"

"ಸುಮ್ಕಿರಮ್ಮಿ. ಕೊಟ್ಗೆ ಉಳೀತಲ್ಲ."

"ಉಳೀತದೆ ಉಳೀತದೆ," ಎಂದು ಲೋಟ ತೊಳೆಯಲು ಹೋದಳು. ಅವಳ ತವರು ಬೈರಮಂಗಲದ ಕಡೆ. ಕೆರೆಯ ಏರಿ ನೋಡಿಕೊಂಡು ಬೆಳೆದವಳು, ನೀರಿನ ವಿಷಯದಲ್ಲಿ ಅವಳ ಹತ್ತಿರ ಆಟ ನಡೆಯುವುದಿಲ್ಲ.

ಸೇತುವೆಯಾಯಿತು. ಮಂಡಿ ಎತ್ತರದ ನೀರಿಗೆ ಎಷ್ಟು ಬೇಕೋ ಅಷ್ಟು, ಗಿಡ್ಡಕೆ, ಕೆಳಗೆ ನಾಲ್ಕು ಸಿಮೆಂಟಿನ ಕೊಳವೆ ಇಟ್ಟು. ಯಾರನ್ನೂ ಎಬ್ಬಿಸಲಿಲ್ಲ. ಸೈಟು, ಮಾಗಡಿ ಎಲ್ಲ ಗಾಳಿಮಾತಾಗಿತ್ತು. ನಾವು ಗೆದ್ದೆವು ಎಂದುಕೊಂಡೆವು. ಐದಾರು ವರ್ಷ ಗೆದ್ದೇ ಇದ್ದೆವು.

ಆಗ ಮಗ, ಸೊಸೆ ಇಬ್ಬರೂ ಕನಕಪುರದಲ್ಲಿ ಕೆಲಸಕ್ಕಿದ್ದರು. ಮೊಮ್ಮಗಳು ನಮ್ಮಲ್ಲೇ ಇದ್ದು ಹೈಸ್ಕೂಲಿಗೆ ಹೋಗುತ್ತಿದ್ದಳು. ಲೆಕ್ಕದಲ್ಲಿ ಬಲೇ ಚುರುಕು. ರಾಮನಗರದಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆ ಎಂದು ಎರಡು ತಿಂಗಳು ಕೂತು ಓದಿದಳು. ಪರೀಕ್ಷೆಯ ಹಿಂದಿನ ದಿನ ಮೇಲಿನ ಕಡೆ ಮಳೆ ಹೊಡೆಯಿತು. ಬೆಳಿಗ್ಗೆ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿ, ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋದವಳು ಹಳ್ಳದ ಈಚೆಯಲ್ಲೇ ನಿಂತಳು. ಸೇತುವೆ ಕಾಣುತ್ತಿರಲಿಲ್ಲ. ಕಬ್ಬಿಣದ ಕಟಕಟೆಯ ತುದಿ ಮಾತ್ರ ಸಾಲಾಗಿ ನೀರಿನ ಮೇಲೆ ಕಾಣುತ್ತಿತ್ತು. ಕೊಳವೆಗಳಿಗೆ ಮರ, ಮುಳ್ಳುಕಂಟಿ ಸಿಕ್ಕಿಕೊಂಡು, ಹೋಗಲು ದಾರಿಯಿಲ್ಲದ ನೀರು ಎರಡೂ ಕಡೆಗೆ ಒಡೆದು ನುಗ್ಗಿತ್ತು. ಸೇತುವೆ ಇಲ್ಲದಿದ್ದರೆ ಬರುತ್ತಿದ್ದುದಕ್ಕಿಂತ ಹೆಚ್ಚೇ ಬಂತು. ನನ್ನ ಕೊಟ್ಟಿಗೆಯ ಐದನೇ ಮೆಟ್ಟಿಲಿನ ಮೇಲೂ ಹತ್ತಿತು. ಮಿಷನ್ನಿನ ಮೋಟರು ಕೆಸರು ಕುಡಿಯಿತು. ಬಣ್ಣ ಹಾಕಿಟ್ಟಿದ್ದ ಬುಗುರಿಗಳು ಕೆಂಪು, ಹಳದಿ, ಹಸಿರು, ಒಂದರ ಹಿಂದೆ ಒಂದು ತೇಲಿಕೊಂಡು ನನ್ನ ಮೊಮ್ಮಗಳ ಮುಂದೆಯೇ ಹಾದು ಹೋದವು. ಅವಳು ಬುಗುರಿಯನ್ನು ನೋಡಲಿಲ್ಲ. ಆಚೆ ದಡದಲ್ಲಿ ಹಾರ್ನು ಹೊಡೆದು ಹೊಡೆದು ಹೊರಟುಹೋದ ಬಸ್ಸನ್ನು ನೋಡುತ್ತಿದ್ದಳು.

ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದಳು. ನಾನು ಹೋಗಿ ಕೈ ಹಿಡಿದೆ.

"ತಾತ, ಈ ಸೇತುವೆ ಕಟ್ಟಿದೋರಿಗೆ ಅಳತೆ ಗೊತ್ತಿರ್ಲಿಲ್ವಾ?"

"ಆ ಇಂಜಿನಿಯರು ಕುರುಡ ಕಣ್ ಮಗ," ಎಂದೆ. "ಕಣ್ಣಿದ್ದೂ ಕುರುಡ."

ಅಂದಿನಿಂದ ಅದೇ ನನ್ನ ಹಾಡಾಯಿತು. ಯಾರು ಸಿಕ್ಕಿದರೂ ಇಂಜಿನಿಯರನ್ನು ಬೈದೆ. ಸರ್ಕಾರವನ್ನು ಬೈದೆ, ಕಂಟ್ರಾಕ್ಟರನ್ನು ಬೈದೆ, ಸಿಮೆಂಟನ್ನು ಬೈದೆ. ನಾನು ಬೈದಷ್ಟೂ ಹುಡುಗಿಯ ಕಣ್ಣು ಹೊಳೆಯುತ್ತಿತ್ತು. "ನಾನ್ ಕಟ್ತೀನಿ ತಾತ, ಮುಳುಗ್ದೆ ಇರೋದು" ಎಂದಳು. ಹೇಳಿದ ಹಾಗೇ ಸಿವಿಲ್ ಓದಿದಳು, ಸೇತುವೆಯ ಕೆಲಸವನ್ನೇ ಹಿಡಿದಳು. ಕಾಲೇಜಿನಲ್ಲಿ ಬಹುಮಾನ ಬಂದಾಗ ಏನೋ ಮಾತಾಡು ಎಂದರಂತೆ. ನಮ್ಮೂರಿನ ಕುರುಡು ಇಂಜಿನಿಯರಿನ ಕಥೆಯನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಳು. ಮನೆಗೆ ಬಂದು ಅದನ್ನೇ ಮತ್ತೆ ನಮಗೆ ಮಾಡಿ ತೋರಿಸಿದಳು. ನಾನು ಜೋರಾಗಿ ನಕ್ಕೆ. ಹೆಂಡತಿ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಿ ನನ್ನ ಕಡೆ ಒಂದು ಸಲ ನೋಡಿದಳು. ಅಷ್ಟೇ. ಮತ್ತೆ ಕೇರಿದಳು.

ಆ ದ್ವೀಪದ ಸೇತುವೆ ಇನ್ನೂ ಕಾಗದದ ಮೇಲೇ ಇತ್ತು, ಮೊಮ್ಮಗಳು ಅಲ್ಲಿಗೆ ಹೋಗಿ ಎರಡು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ವೀಡಿಯೊ ಕಾಲ್ ಮಾಡುತ್ತಿದ್ದಳು. ಅಲ್ಲಿನ ಹೊಳೆ ತೋರಿಸಿದಳು. ಅಗಲಕ್ಕೆ ಬರೀ ಕಲ್ಲು, ಮಧ್ಯೆ ಒಂದು ದಾರದಷ್ಟು ನೀರು. ನಮ್ಮ ಹಳ್ಳದ ದೊಡ್ಡಣ್ಣನ ಹಾಗಿತ್ತು.

"ತಾತ, ನನ್ನ ಪಾಲಿನ ಕೆಲಸ ಮುಗೀತು," ಎಂದಳು. ಮುಖವೆಲ್ಲ ನಗು. "ಇಲ್ಲಿ ಹಳೆ ದಾಖಲೆ ಇಲ್ವಲ್ಲ, ಅದಕ್ಕೆ ಊರವರನ್ನೇ ಕೇಳಿ ನೀರಿನ ಎತ್ತರ ತಗೋಬೇಕು. ಬ್ಯಾಂಕಿನ ನಿಯಮ. ಮೊನ್ನೆ ಸಭೆ ಮಾಡಿದ್ವಿ. ನೂರು ಜನ ಬಂದಿದ್ರು. ಎಲ್ರೂ ಒಂದೇ ಅಳತೆ ಹೇಳಿದ್ರು ತಾತ, ಒಬ್ರಿಗೂ ಭೇದ ಇಲ್ಲ! ನಮ್ಮ ಸೀನಿಯರ್ ಇಷ್ಟು ಸಲೀಸಾಗಿ ಯಾವತ್ತೂ ಸಿಕ್ಕಿರ್ಲಿಲ್ಲ ಅಂದ್ರು. ವರದಿಗೆ ನಾನೇ ಸಹಿ ಹಾಕೋದು."

"ಏನಂದ್ರು ಮಗ? ಎಲ್ಲೀಗಂಟ ಬತ್ತದಂತೆ?"

"ಮಂಡಿವರೆಗೆ."

ಚೆನ್ನಾಗಿ ಊಟ ಮಾಡು ಎಂದೋ ಏನೋ ಹೇಳಿ ಫೋನಿಟ್ಟೆ. ಹೆಂಡತಿ ಒಲೆಯ ಮುಂದಿನಿಂದಲೇ ಅಂದಳು.

"ಹೇಳ್ಲಿಲ್ವಾ?"

"ಏನ್ ಹೇಳ್ಲಿ?"

"ಆನೆ ಮಂಡಿ ಇಚಾರ."

ಎರಡು ದಿನ ನಾನು ಮನೆಯೊಳಗೆ ಎಲ್ಲದರ ಮೇಲೂ ಹರಿಹಾಯ್ದೆ. ಸಾರಿಗೆ ಉಪ್ಪು ಜಾಸ್ತಿ ಎಂದೆ. ಟಿವಿಯವರು ಸುಳ್ಳರು ಎಂದೆ. ಬ್ಯಾಂಕಿನವರ ಮೇಲಂತೂ ಬೆಂಕಿಯಾದೆ. ಅಷ್ಟು ದೇಶಗಳ ದುಡ್ಡು ಇಟ್ಟುಕೊಂಡಿದ್ದಾರೆ, ಅಷ್ಟು ಓದಿದವರು ಕೂತಿದ್ದಾರೆ. ಊರವರನ್ನು ಕೇಳಬೇಕು ಎಂಬ ನಿಯಮ ಮಾಡಿದ್ದಾರೆ, ಒಳ್ಳೆಯದೇ. ಕೇಳಿದ ತಕ್ಷಣ ಜನ ನಿಜ ಹೇಳಿಬಿಡುತ್ತಾರೆ ಎಂದು ಇವರಿಗೆ ಹೇಳಿದವರು ಯಾರು? ಕಾರಿನಲ್ಲಿ ಇಳಿದು, ಮುಖಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಪುಸ್ತಕ ಬಿಚ್ಚಿ ಕೇಳಿದರೆ ಯಾವ ದೇಶದವನಾದರೂ ಮೊದಲು ಯೋಚಿಸುವುದು ನೀರನ್ನಲ್ಲ, ತನ್ನ ಸೂರನ್ನು. ಆ ದೇಶದವರು ಒಂದು ಸಲ ಮನೆ ಸುಟ್ಟುಕೊಂಡು ಓಡಿದವರು, ನಮಗಿಂತ ಹತ್ತರಷ್ಟು ಹೆದರುತ್ತಾರೆ. ಇದು ನಾಲ್ಕನೇ ಕ್ಲಾಸಿನವನಿಗೆ ಗೊತ್ತು.

ಆದರೆ ಇದನ್ನು ಮೊಮ್ಮಗಳಿಗೆ ಹೇಳಬೇಕಾದರೆ ನನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು. ಅವಳ ಕುರುಡು ಇಂಜಿನಿಯರನ್ನು ಅವಳಿಂದ ಕಿತ್ತುಕೊಳ್ಳಬೇಕು. ಹೇಳದಿದ್ದರೆ ಅವಳೇ ಇನ್ನೊಬ್ಬಳು ಕುರುಡಿಯಾಗುತ್ತಾಳೆ. ಯಾವುದೋ ದ್ವೀಪದಲ್ಲಿ ಯೂನಿಫಾರಂ ಹಾಕಿದ ಇನ್ನೊಂದು ಹುಡುಗಿ ದಡದಲ್ಲಿ ನಿಂತು, ಇದನ್ನು ಕಟ್ಟಿದವರಿಗೆ ಅಳತೆ ಗೊತ್ತಿರಲಿಲ್ಲವೇ ಎಂದು ಕೇಳುತ್ತಾಳೆ. ಅಲ್ಲಿನ ತಾತ ನನ್ನ ಮೊಮ್ಮಗಳನ್ನು ಬೈಯುತ್ತಾನೆ.

ಮೂರನೇ ದಿನ ನಾನೇ ಫೋನು ಮಾಡಿದೆ. ಹೆಂಡತಿ ಎದುರಿಗೆ ಬಂದು ಕೂತಳು, ನಾನು ಮಾತು ತಿರುಗಿಸದಂತೆ ಕಾವಲಿಗೆ.

"ಮಗ, ಆ ಇಂಜಿನಿಯರು ಕುರುಡ ಅಂತಿದ್ನಲ್ಲ. ಅವ್ನ್ ಕಣ್ಣಿಗೆ ಬಟ್ಟೆ ಕಟ್ಟಿದ್ದು ನಾನೆಯ."

ಎಲ್ಲ ಹೇಳಿದೆ. ಅರಳಿಕಟ್ಟೆ, ಮಂಡಿ, ಮಜ್ಜಿಗೆ, ಐದು ಮೆಟ್ಟಿಲು. ಲೈನು ಹೋಯಿತೇನೋ ಎಂದು ಫೋನು ಅಲ್ಲಾಡಿಸಿದೆ.

"ಪರೀಕ್ಷೆ ದಿನಾನೂ ನೀನು ಅವರನ್ನೇ ಬೈದೆ ತಾತ."

"ಬೈದೆ."

"ನಾನು ಅಳ್ತಿದ್ದಾಗ್ಲೂ."

"ಹೂಂ ಮಗ."

ಫೋನು ಕಟ್ಟಾಯಿತು. ಕಟ್ಟಾಗಿದ್ದೋ ಅವಳೇ ಮಾಡಿದ್ದೋ ಎಂದು ಹೆಂಡತಿಯನ್ನು ಕೇಳಿದೆ. "ನಾನಾಗಿದ್ರೆ ನಾನೇ ಮಾಡ್ತಿದ್ದೆ," ಎಂದಳು. ಆದರೆ ಆ ದಿನ ಸಾರಿಗೆ ಉಪ್ಪು ಸರಿಯಾಗಿತ್ತು, ನನ್ನ ತಟ್ಟೆಗೆ ಒಂದು ಮುದ್ದೆ ಹೆಚ್ಚೇ ಬಿತ್ತು.

ನಾಲ್ಕು ದಿನ ಫೋನಿಲ್ಲ. ಐದನೆಯ ದಿನ ಬಂತು. ನಮಸ್ಕಾರವಿಲ್ಲ, ಊಟವಾಯಿತೇ ಎಂದಿಲ್ಲ.

"ತಾತ, ಆ ಮೆಟ್ಲು ಒಂದೊಂದು ಎಷ್ಟೆತ್ತರ?"

ಅಯ್ಯೋ ನನ್ನಪ್ಪನೇ, ಆ ಪ್ರಶ್ನೆ ಕೇಳಿ ನನಗೆ ಆದ ಸಂತೋಷ! ಇಪ್ಪತ್ತು ವರ್ಷದ ಹಿಂದೆ ಆ ಮಹಾಶಯ ಕೇಳಬೇಕಿದ್ದ ಪ್ರಶ್ನೆ. ಟೇಪು ತೆಗೆದುಕೊಂಡು ಕೊಟ್ಟಿಗೆಗೆ ಓಡಿದೆ. ನನ್ನ ವಯಸ್ಸಿನಲ್ಲಿ ಓಡುವುದು ಎಂದರೆ ಜೋರಾಗಿ ನಡೆಯುವುದು. ಒಂದೊಂದು ಒಂಬತ್ತು ಇಂಚು ಎಂದೆ.

"ಈಗ ಹೇಳು, ನಿನ್ನ ಹತ್ರ ನಿಜ ತೆಗೀಬೇಕು ಅಂದ್ರೆ ಅವತ್ತು ಹೇಗೆ ಕೇಳ್ಬೇಕಾಗಿತ್ತು?"

ಯೋಚಿಸಿ ಹೇಳಿದೆ. "ಸಭೆ ಮಾಡ್ಬ್ಯಾಡ. ನೀರು ಎಷ್ಟು ಬತ್ತದೆ ಅಂತ ಕೇಳ್ಲೇಬ್ಯಾಡ. ಮನೆ ತೆಗೆಯಾಕಿಲ್ಲ ಅಂತ ಮೊದ್ಲು ಹೇಳು, ಅದು ನಿಜ್ವಾಗಿದ್ರೆ ಮಾತ್ರ ಹೇಳು. ಆಮ್ಯಾಕೆ ಒಬ್ಳೇ ಹೋಗಿ ಹೆಂಗಸ್ರ ತಾವ ಕುಂತ್ಕೊ. ಧಾನ್ಯ ಎಲ್ಲಿಕ್ತಾರೆ ನೋಡು. ಸುಳ್ಳು ಹೇಳೋ ಮನೇಲೂ ರಾಗಿ ನೆನೆಯೋ ಜಾಗದಲ್ಲಿ ಇಡಾಕಿಲ್ಲ."

ಅವಳು ಹಾಗೇ ಮಾಡಿದಳು. ಅಲ್ಲಿ ಜೋಳವನ್ನು ನಾಲ್ಕು ಕಂಬದ ಮೇಲೆ ಕಟ್ಟಿದ ಪುಟ್ಟ ಹುಲ್ಲುಮನೆಯಲ್ಲಿ ಇಡುತ್ತಾರಂತೆ. ಯಾಕೆ ಕಂಬ ಎಂದರೆ ಇಲಿಗೆ ಎನ್ನುತ್ತಾರೆ. ಸರಿ, ಇಲಿ ಇರಬಹುದು. ಇವಳು ಗುಡ್ಡದ ಮೇಲಿನ ಕೇರಿಗೆ ಹೋಗಿ ಅಳೆದಳು. ಕಂಬ ಸೊಂಟದಷ್ಟು. ಹೊಳೆಯ ಪಕ್ಕದ ಕೇರಿಗೆ ಬಂದು ಅಳೆದಳು. ಕಂಬ ಅವಳ ತಲೆಗಿಂತ ಮೇಲೆ. ಹೊಳೆ ದಂಡೆಯ ಇಲಿಗಳು ಅಷ್ಟು ಎತ್ತರ ಹಾರುತ್ತವೆಯೇ? ಅಲ್ಲಿನ ಮುದುಕಿಯೊಬ್ಬಳನ್ನು ನಗುತ್ತಾ ಹೀಗೇ ಕೇಳಿದಳಂತೆ. ಮುದುಕಿಯೂ ನಕ್ಕಳಂತೆ. ನಕ್ಕವಳು ಕಂಬದ ಮೇಲೆ ಕೈಯಿಟ್ಟು ತೋರಿಸಿದಳು, ಇಲ್ಲಿಗೆ ಬಂದಿತ್ತು, ನಾನು ಮಗುವನ್ನು ಎತ್ತಿಕೊಂಡು ಈ ಏಣಿ ಹತ್ತಿದ್ದೆ, ಎಂದು. ಒಬ್ಬಳು ಹೇಳಿದ ಮೇಲೆ ಮಿಕ್ಕವರೂ ಬಾಯಿಬಿಟ್ಟರು. ಅವರಿಗಿದ್ದ ಹೆದರಿಕೆಯೂ ನಮ್ಮದೇ, ಸೇತುವೆ ನೆಪದಲ್ಲಿ ಎಬ್ಬಿಸುತ್ತಾರೆ ಎಂದು. ಅವಳ ಕಂಪನಿ ಹಾಗೆ ಎಬ್ಬಿಸುವುದಿಲ್ಲ ಎಂದು ಅವರ ಭಾಷೆಯಲ್ಲೇ ಬರೆಸಿ ಓದಿ ಹೇಳಿತು.

ಆಮೇಲೆ ಕಾಗದದ ಯುದ್ಧ. ವರದಿ ಸಿದ್ಧವಾಗಿದೆ, ಸಭೆ ಮುಗಿದಿದೆ, ನೂರು ಜನರ ಹೆಬ್ಬೆಟ್ಟು ಇದೆ, ಈಗ ಎತ್ತರ ಬದಲಿಸುವುದೆಂದರೆ ಮೊದಲಿನಿಂದ ನಕ್ಷೆ ಮಾಡಬೇಕು, ಒಂದು ಮಳೆಗಾಲ ದಾಟುತ್ತದೆ ಎಂದು ಅವಳ ಸೀನಿಯರ್ ರೇಗಿದರಂತೆ. ನಿನ್ನ ಮಾತಿಗೆ ಆಧಾರವೇನು ಎಂದು ಬ್ಯಾಂಕು ಕೇಳಿತು. ಇಲಿಕಂಬ ಎಂದು ಇವಳು ಬರೆದಳು! ಫೋನಿನಲ್ಲಿ ಕೇಳಿ ನನ್ನ ರಕ್ತ ಕುದಿಯಿತು. ನೂರು ಸುಳ್ಳು ಹೆಬ್ಬೆಟ್ಟಿಗೆ ಬೆಲೆ ಇದೆ, ಒಂದು ನಿಜವಾದ ಕಂಬಕ್ಕೆ ಆಧಾರ ಬೇಕು. ಇಷ್ಟು ದಪ್ಪದ ವರದಿಯಲ್ಲಿ ಮಣ್ಣು, ಕಲ್ಲು, ಗಾಳಿ, ಕಪ್ಪೆ ಎಲ್ಲಕ್ಕೂ ಒಂದೊಂದು ಪುಟವಿದೆಯಂತೆ. ಜನ ಯಾಕೆ ಹೆದರುತ್ತಾರೆ ಎಂಬುದಕ್ಕೆ ಒಂದು ಗೆರೆ ಇಲ್ಲ.

"ನೀನ್ ಸಹಿ ಹಾಕ್ಬ್ಯಾಡ," ಎಂದೆ.

"ಹಾಕಲ್ಲ ತಾತ. ಕೆಲಸದಿಂದ ತೆಗೆದ್ರೆ?"

"ಬಾ ಮನೀಗೆ. ಬುಗುರಿ ಮಾಡುವಂತೆ."

ತೆಗೆಯಲಿಲ್ಲ. ಕೊನೆಗೆ ಬ್ಯಾಂಕಿನಿಂದ ಒಬ್ಬ ಹೆಂಗಸು ಬಂದಳಂತೆ, ಐವತ್ತು ದಾಟಿದವಳು. ವರದಿ ಬಿಚ್ಚಲಿಲ್ಲವಂತೆ. ಹೊಳೆ ದಂಡೆಯ ಕೇರಿಗೆ ನಡೆದು ಹೋಗಿ, ಚಪ್ಪಲಿ ಬಿಟ್ಟು, ಆ ಏಣಿಯನ್ನು ತಾನೇ ಹತ್ತಿ ಮೇಲಿನಿಂದ ಹೊಳೆ ನೋಡಿ ಇಳಿದಳಂತೆ. ಇಳಿದವಳು ಒಂದೇ ಮಾತು, "ನಕ್ಷೆ ಬದಲಿಸಿ." ಆ ತಾಯಿ ಅವತ್ತು ನಮ್ಮೂರಿಗೆ ಬಂದಿದ್ದರೆ ನನ್ನ ಮಜ್ಜಿಗೆ ಕುಡಿಯುವ ಮೊದಲು ಮೆಟ್ಟಿಲು ಎಣಿಸುತ್ತಿದ್ದಳು. ಬ್ಯಾಂಕನ್ನು ಬೈದದ್ದರಲ್ಲಿ ಅರ್ಧವನ್ನು ನಾನು ಅವಳಿಗಾಗಿ ವಾಪಸ್ಸು ತೆಗೆದುಕೊಂಡೆ. ಇನ್ನರ್ಧ ಹಾಗೇ ಇರಲಿ.

ಸೇತುವೆ ಎತ್ತರವಾಗಿಯೇ ಆಯಿತು. ಈ ಮಳೆಗಾಲದಲ್ಲಿ ಅಲ್ಲಿನ ಹೊಳೆ ಏರಿತು. ನಾನು ಎಲ್ಲರಿಗೂ ತೋರಿಸುತ್ತಾ ತಿರುಗುತ್ತಿರುವ ವೀಡಿಯೊ ಅದೇ.

ಇನ್ನು ನನ್ನ ಗೆಳೆಯನ ಪ್ರಶ್ನೆ ಉಳಿಯಿತು. ಇಲ್ಲಿ ಕಟ್ಟಲು ಏನಾಗಿತ್ತು?

ಕಳೆದ ವಾರ ಉತ್ತರ ಹೇಳುವ ದಿನ ಬಂತು. ನಮ್ಮ ಹಳ್ಳಕ್ಕೆ ಹೊಸ ಸೇತುವೆಯಂತೆ, ಸರ್ವೆಯವರು ಇಬ್ಬರು ಬಂದರು. ಮತ್ತೆ ಪುಸ್ತಕ, ಮತ್ತೆ ಸಾಲು. ನಾನು ಮುಂದೆ ಹೋಗಿ ಮೊದಲು ಕೇಳಿದೆ.

"ಯಾರ್ ಮನೆನಾದ್ರೂ ತೆಗೀತೀರಾ ಸಾರ್?"

"ಅದು ನಮಗೆ ಗೊತ್ತಿಲ್ಲ ಯಜಮಾನ್ರೇ. ನಾವು ಅಳತೆಯವರು."

"ಗೊತ್ತಿಲ್ದೆ ಬರಬಾರ್ದು. ಅದನ್ನೇ ಎಲ್ರಿಗಿಂತ ಮೊದ್ಲು ತಿಳ್ಕೊಂಡ್ ಬರ್ಬೇಕು. ತಿಳಿದೋರ್ನ ಕಳ್ಸಿ, ನಿಮ್ ಪುಸ್ತಕದಲ್ಲಿ ಬರ್ಕೊಳ್ಳಿ ಇದ್ನ." ನಾನು ಬಿಡಲಿಲ್ಲ, ಅವನು ಬರೆದುಕೊಂಡ. ಏನು ಬರೆದನೋ.

"ಸರಿ, ನೀರೆಷ್ಟು ಬರುತ್ತೆ?"

ಗೆಳೆಯ ನನ್ನ ಅಂಗಿ ಜಗ್ಗಿದ. "ಲೇ, ಬಾಯ್ ಮುಚ್ಕೊ. ಮನೆ ಹೋದ್ರೆ ನಮ್ನೆಲ್ಲ ನೀನ್ ಸಾಕ್ತೀಯೇನ್ಲಾ?"

"ಹೋಗೋದಾದ್ರೆ ಮೊದ್ಲು ನನ್ ಕೊಟ್ಗೆ ಕಣ್ಲಾ," ಎಂದೆ. "ನೀರಿಗೆ ಎಲ್ಲಕ್ಕಿಂತ ಹತ್ರ ಇರೋದು ಅದೇ."

ಹೋದರೂ ಹೋಗಬಹುದು. ಆ ಕೊಟ್ಟಿಗೆಯಲ್ಲಿ ಈಗಲೂ ವಾರಕ್ಕೆರಡು ದಿನ ಮಿಷನ್ನು ತಿರುಗಿಸುತ್ತೇನೆ, ನಮ್ಮಪ್ಪ ಕೂತ ಜಾಗ ಅದು. ಆದರೂ ಸರ್ವೆಯವರನ್ನು ಕರೆದುಕೊಂಡು ಹೋಗಿ ಮೆಟ್ಟಿಲ ಮುಂದೆ ನಿಲ್ಲಿಸಿದೆ. ಊರೆಲ್ಲ ಹಿಂದೆ ಬಂತು. ನಾನು ಜೋರಾಗಿಯೇ ಹೇಳಿದೆ, "ಹೋದ ಸಲ ಮಂಡಿ ಅಂದೋನು ನಾನು. ಸುಳ್ಳು. ಮಜ್ಜಿಗೆ ಬೇಕಾದ್ರೆ ಆಮ್ಯಾಕೆ ಕೊಡ್ತೀನಿ. ಮೊದ್ಲು ಇದ್ನ ಎಣಿಸಿ."

ಗೆಳೆಯ ಮುಖ ಗಂಟಿಕ್ಕಿಕೊಂಡು ತನ್ನ ಮನೆಯ ಜಗಲಿಗೆ ಹೋಗಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಯಾರಿಗೋ ಬೈಯುವ ಹಾಗೆ ಕೂಗಿದ, "ನಮ್ಮನೆ ಸ್ವಿಚ್ ಬೋರ್ಡ್ ತಲೆ ಮ್ಯಾಲ್ ಯಾಕೈತೆ ಅಂತ ಒಬ್ನಾರ ಕೇಳವ್ನಾ ಈಗಂಟ?"

ನನ್ನ ಹೆಂಡತಿ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ಫೋನು ಎತ್ತಿ ಹಿಡಿದುಕೊಂಡಿದ್ದಳು, ಆ ಕಡೆ ಮೊಮ್ಮಗಳು ನೋಡುತ್ತಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಸರ್ವೆಯವನು ಟೇಪು ಬಿಚ್ಚಿ ಕೆಳಗೆ ಕೂತ. ಮೇಲಿನ ತುದಿ ಹಿಡಿಯಲು ಯಾರಾದರೂ ಬನ್ನಿ ಎಂದ. ನಾನು ಐದು ಮೆಟ್ಟಿಲು ಹತ್ತಿದೆ. ಹೋದ ಸಲದ ನೀರು ಬಿಟ್ಟುಹೋದ ಕೆಸರಿನ ಗೆರೆ ಗೋಡೆಯ ಮೇಲೆ ಇನ್ನೂ ಇದೆ, ಐದನೇ ಮೆಟ್ಟಿಲಿಗಿಂತ ಒಂದು ಗೇಣು ಮೇಲೆ. ಅದಕ್ಕೆ ಸರಿಯಾಗಿ ಟೇಪಿನ ತುದಿಯನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದು, "ಈಗ ಓದಿ ಸಾರ್, ಎಲ್ರಿಗೂ ಕೇಳೋ ಹಂಗೆ ಓದಿ," ಎಂದೆ.